‘ನಾ’ ಪುಟದ ಜಗಳ

ನಾನು ಜಗಳಗಂಟಿಯಲ್ಲ. ಸಂತೆಯಲ್ಲಿ ಕೊಳೆತ ಟೊಮೆಟೊ ತೂಗಿ ಕೊಟ್ಟರೆ ಅಲ್ಲೇ ಕೇಳುವ ಧೈರ್ಯ ಸಾಲದೆ, ಮನೆಗೆ ಬಂದು ಚೀಲ ಸುರುವಿದ ಮೇಲೆ ಸಿಟ್ಟಾಗುವ ಪೈಕಿ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ಕಾಲು ಹಿಂದಕ್ಕೆಳೆದುಕೊಂಡು ‘ಇರ್ಲಿ ಬಿಡ್ರಿ’ ಎನ್ನುತ್ತೇನೆ. ಇಂಥ ನಾನು ಗಟ್ಟಿಯಾಗಿ ಜಗಳ ತೆಗೆದದ್ದು ಒಂದು ನಿಘಂಟಿನ ಮೇಲೆ. ಅದೂ ಎಂಥ ನಿಘಂಟು! ಭೂಮಿಯ ಮೇಲೆ ಒಬ್ಬರೇ ಒಬ್ಬರು ಬಲ್ಲ ಭಾಷೆಯದು. ಆ ಒಬ್ಬರೂ ಅದನ್ನು ಯಾರ ಜೊತೆಗೂ ಆಡಿದವರಲ್ಲ, ಆಡಲು ಇನ್ನೊಬ್ಬರು ಬೇಕಲ್ಲ!

ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು. ಕೊಟ್ಟೂರಿನಲ್ಲಿ, ಹಿಟ್ಟಿನ ಗಿರಣಿಯ ಪಕ್ಕದ ಕೋಣೆಯಲ್ಲಿ, ಏಳು ಮಷೀನುಗಳ ಟೈಪಿಂಗ್ ಇನ್ಸ್ಟಿಟ್ಯೂಟ್ ನಡೆಸುತ್ತಿದ್ದೆ. ಆ ಕಡೆ ಗಿರಣಿ, ಈ ಕಡೆ ಟೈಪು. ನಡುವೆ ಕೂತು ಕೂತು ನನ್ನ ದನಿ ಒಂದು ಸುತ್ತು ದೊಡ್ಡದಾಗಿ, ಮನೆಯಲ್ಲಿ ಉಪ್ಪು ಕೇಳಿದರೂ ನೆರೆಯವರು ತಂದುಕೊಡುವಂತಾಗಿತ್ತು. ಮೂರು ವರ್ಷದವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ತೆಳ್ಳಗೆ ಮಾಡಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದೆ. ಊರಲ್ಲಿ ಗೌರಮ್ಮ ಎಂಬ ಹೆಸರಿನವರು ನಾಲ್ಕೈದು ಜನ ಇದ್ದುದರಿಂದ ಗುರುತಿಗೆಂದು ಜನ ನನ್ನನ್ನು ‘ಟೈಪಿಂಗ್ ಕುಂಟಮ್ಮ’ ಎನ್ನುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ದ್ವೇಷವಿಲ್ಲದೆ ಅಂದ ಮಾತಿಗೆ ತಿರುಗಿ ಬಯ್ಯುವುದು ಹೇಗೆಂದು ತಿಳಿಯದೆ ನಾನೂ ‘ಹ್ಞೂಂ’ ಎನ್ನುತ್ತಿದ್ದೆ.

ಮರುಳಸಿದ್ದಪ್ಪ ಮೇಷ್ಟ್ರು ನನ್ನ ಬಳಿ ಬಂದದ್ದು ಆಗ. ಉಜ್ಜಿನಿಯ ಕಡೆಯವರು. ಹಡಗಲಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಹಿಂದಿ ಕಲಿಸಿ, ನಿವೃತ್ತರಾಗಿ, ಕೊಟ್ಟೂರಲ್ಲಿ ಮಗಳ ಮನೆಯ ಪಕ್ಕ ಒಬ್ಬರೇ ಇದ್ದರು. ಕಂಕುಳಲ್ಲಿ ಹನ್ನೊಂದು ನೋಟುಬುಕ್ಕು. ಮೇಜಿನ ಮೇಲೆ ಅವನ್ನಿಟ್ಟು, ಹೆಣ್ಣು ತೋರಿಸುವವರ ಸಂಕೋಚದಲ್ಲಿ ಹೇಳಿದರು:

“ಗೌರವ್ವಾ, ನಾನೊಂದು ಭಾಷಿ ಮಾಡೀನಿ. ಟೈಪ್ ಮಾಡಿ ಕೊಡ್ತಿಯೇನು?”

ಜನ ಮನೆ ಮಾಡುತ್ತಾರೆ, ಹೊಲ ಮಾಡುತ್ತಾರೆ, ಬಹಳವೆಂದರೆ ಉಪ್ಪಿನಕಾಯಿ ಮಾಡುತ್ತಾರೆ. ಭಾಷೆ ಮಾಡಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೇಷ್ಟ್ರು ವಿವರಿಸಿದರು. ಯುರೋಪಿನಲ್ಲಿ ಹಿಂದೆ ಒಬ್ಬ ಕಣ್ಣಿನ ಡಾಕ್ಟರು ಇಡೀ ಲೋಕಕ್ಕೆ ಒಂದೇ ಸುಲಭದ ಭಾಷೆ ಇರಲೆಂದು ಕೂತು ಕಟ್ಟಿದ್ದನಂತೆ, ಅದನ್ನು ಆಡುವವರು ಇವತ್ತಿಗೂ ಇದ್ದಾರಂತೆ. ಆದರೆ ಅವನಿಗೆ ನಮ್ಮ ಕಡೆಯ ಮಾತಿನ ರುಚಿ ಎಲ್ಲಿ ಗೊತ್ತು? ನಮ್ಮ ಸಂತೆಯಲ್ಲಿ ಒಬ್ಬಳೇ ಹೆಂಗಸು ಕನ್ನಡದಲ್ಲಿ ದರ ಹೇಳಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ತೆಲುಗಿನಲ್ಲಿ ಬಯ್ದು, ಇಂಗ್ಲಿಷಿನಲ್ಲಿ ‘ಥ್ಯಾಂಕ್ಯೂ’ ಎನ್ನುತ್ತಾಳೆ. ಇವನ್ನೆಲ್ಲ ಹದವಾಗಿ ಕಲಸಿ, ನಿಯಮ ಹಾಕಿ, ಮೇಷ್ಟ್ರು ಕಟ್ಟಿದ ಭಾಷೆಯ ಹೆಸರು ‘ಎಲಮಾ’. ಎಲ್ಲರ ಮಾತು ಎಂಬುದನ್ನು ಚಿಕ್ಕದು ಮಾಡಿದ್ದು.

ನಾನು ಒಪ್ಪಿದೆ. ಸಂಜೆ ಹುಡುಗಿಯರೆಲ್ಲ ಹೋದ ಮೇಲೆ ದಿನಕ್ಕೆರಡು ಪುಟ. ಮೊದಮೊದಲು ನಗು ತಡೆದುಕೊಂಡು ಟೈಪ್ ಮಾಡುತ್ತಿದ್ದವಳು ಬರುಬರುತ್ತಾ ಸೋತುಹೋದೆ. ಅಷ್ಟು ಚೊಕ್ಕ ಭಾಷೆ ಅದು. ಮುಂದೆ ‘ತನ್’ ಹಚ್ಚಿದರೆ ಸ್ವಂತದ್ದು. ಹಿಂದೆ ‘ಗಾ’ ಹಚ್ಚಿದರೆ ಆ ಬಾಬತ್ತಿನ ಮನುಷ್ಯ, ಹೆಣ್ಣಾದರೂ ಅಷ್ಟೆ, ಗಂಡಾದರೂ ಅಷ್ಟೆ. ಓದುವವರು ‘ಓದ್ಗಾ’, ಹಾಡುವವರು ‘ಹಾಡ್ಗಾ’. ಹೆಣ್ಣು ಗಂಡು ಎಂಬ ಭೇದವನ್ನೇ ಇಡದೆ ಭಾಷೆ ಕಟ್ಟಿದ ಈ ಮುದುಕರ ಮೇಲೆ ನನಗೆ ಗೌರವ ಹುಟ್ಟಿತು. ಆ ಗೌರವ ‘ನ’ಕಾರದವರೆಗೆ ಬಂತು.

‘ನಾ’ ಅಂದರೆ ಎಲಮಾದಲ್ಲಿ ‘ಇಲ್ಲ’. ನಾಲಾಯಕ್, ನಾಪಾಸು ಅನ್ನುತ್ತೇವಲ್ಲ, ಅಲ್ಲಿಂದ ಎತ್ತಿದ್ದು. ಆ ಪುಟದ ಮೇಲೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ನಾಕಣ್ಗಾ, ಕುರುಡ. ನಾಕಿವ್ಗಾ, ಕಿವುಡ. ನಾಗಂಡ್ಗಾ, ವಿಧವೆ. ನಾಕೂಸ್ಗಾ, ಬಂಜೆ. ಇವುಗಳ ನಡುವೆ, ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟ ಪದ: ನಾಕಾಲ್ಗಾ.

ನಾನು ಕೆಳಗೆ ನೋಡಿಕೊಂಡೆ. ಎರಡು ಕಾಲಿದ್ದವು. ಒಂದು ತೆಳ್ಳಗೆ, ಇನ್ನೊಂದು ಆ ತೆಳ್ಳಗಿನದರ ಪಾಲಿನ ಕೆಲಸವನ್ನೂ ಮಾಡಿ ಮಾಡಿ ದಪ್ಪಗೆ. ‘ಕುಂಟಮ್ಮ’ ಎಂದಾಗ ಬಾರದ ಸಿಟ್ಟು ಆಗ ಬಂತು. ಕುಂಟಮ್ಮ ಎನ್ನುವವರು ಹಳೆಯ ಮಾತನ್ನು ಯೋಚಿಸದೆ ಆಡುತ್ತಾರೆ. ಈ ಮನುಷ್ಯ ಹೊಸದಾಗಿ, ಖಾಲಿ ಹಾಳೆಯ ಮುಂದೆ, ಯಾರ ಹಂಗೂ ಇಲ್ಲದೆ, ಇಡೀ ಲೋಕಕ್ಕೆಂದು ಪದ ಮಾಡಲು ಕೂತು, ನಮ್ಮ ಸರದಿ ಬಂದಾಗ ‘ಇಲ್ಲ’ ಎಂದು ಬರೆದಿದ್ದರು!

ಮರುದಿನ ಮೇಷ್ಟ್ರು ಬಂದಾಗ ಮಷೀನಿನಲ್ಲಿ ಅರ್ಧ ಪುಟ ಹಾಗೇ ನಿಂತಿತ್ತು.

“ಯಾಕವ್ವಾ, ರಿಬ್ಬನ್ ಕೆಟ್ಟೈತೇನು?”

“ರಿಬ್ಬನ್ ಚಲೋ ಐತ್ರಿ ಸರ್. ಪದ ಕೆಟ್ಟೈತಿ.”

ಹೇಳಿದೆ. ಮೇಷ್ಟ್ರು ತಬ್ಬಿಬ್ಬಾದರು. “ಅದು ಬೈಗುಳ ಅಲ್ಲವ್ವಾ, ವ್ಯಾಕರಣ. ನಿಯಮದ ಪ್ರಕಾರ ಹಂಗ ಬರತೈತಿ.”

“ನಮ್ಮ ಕಡೆ ‘ನಾ’ ಅಂದ್ರ ನಾನು. ‘ನಾ ಬರ್ತೀನಿ, ನಾ ಉಣ್ತೀನಿ’ ಅಂತೀವಿ. ನೀವು ಅದನ್ನ ‘ಇಲ್ಲ’ ಅಂತ ಮಾಡೀರಿ. ಅಂದ್ರ ನಾನಂದ್ರ ಇಲ್ಲ ಅಂತಾತಲ್ರಿ!”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ನನಗೆ ಇನ್ನೂ ಸಮಾಧಾನವಾಗಿರಲಿಲ್ಲ. ಕಣ್ಣು ಪುಟದ ಮೇಲೋಡಿತು. ಗಂಡ ಸತ್ತವಳಿಗೆ ಪದವಿದೆ. ಇನ್ನೊಂದಿಲ್ಲ.

“ಹೆಂಡ್ತಿ ತೀರಿಕೊಂಡೋರಿಗೆ ಎಲಮಾದಾಗ ಏನಂತಾರ್ರಿ ಸರ್?”

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಮೇಷ್ಟ್ರ ಹೆಂಡತಿ ಹೋಗಿ ಆರು ವರ್ಷವಾಗಿತ್ತು. ಅವರು ನೋಟುಬುಕ್ಕು ಮುಚ್ಚಿ, “ಅದಿನ್ನಾ ಮಾಡಿಲ್ಲವ್ವಾ,” ಎಂದು ಮೆಲ್ಲಗೆ ಅಂದು ಎದ್ದು ಹೋದರು. ಪಕ್ಕದಲ್ಲಿ ಗಿರಣಿ ಜೋರಾಗಿ ಓಡುತ್ತಿತ್ತು. ಗೆದ್ದ ಮೇಲೆ ಇಷ್ಟು ಕೆಟ್ಟೆನಿಸುವುದಾದರೆ ಟೊಮೆಟೊ ಮಾರುವವರ ಜೊತೆ ಜಗಳವಾಡದಿರುವುದೇ ಸರಿ ಅನ್ನಿಸಿತು.

ಎರಡು ವಾರ ಅವರು ಬರಲಿಲ್ಲ. ಆ ನಡುವೆ ನನಗೆ ಹರಪನಹಳ್ಳಿಯ ಒಂದು ಕಚೇರಿಯಿಂದ ಟೈಪಿಸ್ಟ್ ಹುದ್ದೆಯ ಸಂದರ್ಶನಕ್ಕೆ ಪತ್ರ ಬಂತು. ಯಾವ ಕಚೇರಿ ಎಂಬುದು ಇಲ್ಲಿ ಬೇಡ. ಹೊಸ ಸೀರೆಯುಟ್ಟು, ಕಾಲಿನ ಪಟ್ಟಿಗೆ ಎಣ್ಣೆ ಬಿಟ್ಟು, ಕಿರುಗುಟ್ಟದಂತೆ ಮಾಡಿಕೊಂಡು ಹೋದೆ. ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವರು ನನ್ನ ಸರ್ಟಿಫಿಕೇಟುಗಳ ಫೈಲನ್ನು ತೆರೆದೂ ನೋಡದೆ ಹೇಳಿದರು:

“ಸ್ವಲ್ಪ ನಡೆದು ತೋರಿಸಮ್ಮ.”

“ಟೈಪ್ ಮಾಡಿ ತೋರಿಸ್ಲೇನ್ರಿ?” ಎಂದೆ.

“ಅದು ಇರ್ಲಿ. ನಡೆದು ತೋರಿಸು.”

ನಾನು ಬಾಗಿಲವರೆಗೆ ನಡೆದೆ. ಅಲ್ಲಿಂದ ತಿರುಗಿ ಬರಬೇಕಿತ್ತು. ತಿರುಗಲಿಲ್ಲ. ಬಾಗಿಲು ದಾಟಿದೆ, ಪಡಸಾಲೆ ದಾಟಿದೆ, ಗೇಟು ದಾಟಿದೆ. ನಡೆದು ತೋರಿಸು ಎಂದರಲ್ಲ, ತೋರಿಸುತ್ತಿದ್ದೆ. ಬಸ್‌ಸ್ಟ್ಯಾಂಡಿನ ಅರ್ಧ ದಾರಿಯಲ್ಲಿ, ಎದೆ ಸೆಟೆಸಿಕೊಂಡು ಹೋಗುತ್ತಿದ್ದವಳಿಗೆ ನೆನಪಾಯಿತು: ಫೈಲು ಮೇಜಿನ ಮೇಲೇ ಇತ್ತು. ಅದರೊಳಗೆ ನನ್ನ ಹತ್ತನೇ ತರಗತಿಯಿಂದ ಹಿಡಿದು ಸಕಲವೂ ಇತ್ತು. ಅದೇ ಗೇಟು, ಅದೇ ಪಡಸಾಲೆ, ಅದೇ ಬಾಗಿಲು. ಎಣ್ಣೆ ಬಿಟ್ಟ ಪಟ್ಟಿ ಅವತ್ತೇ ಹಟಕ್ಕೆ ಬಿದ್ದಂತೆ ಕಿರ್ರೆಂದಿತು. ತುದಿಯಲ್ಲಿ ಕೂತಿದ್ದವರು ಫೈಲು ಎತ್ತಿಕೊಟ್ಟರು. ಸ್ವಾಭಿಮಾನದಿಂದ ಎದ್ದು ಹೋಗುವವರು ಮೊದಲು ತಮ್ಮ ಸಾಮಾನು ನೋಡಿಕೊಳ್ಳಬೇಕು ಎಂಬುದು ಅಂದು ನಾನು ಕಲಿತ ಪಾಠ. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕುದಿಯುತ್ತಾ ಕೂತಿದ್ದಾಗ ತಲೆಯೊಳಗೆ ಎಲಮಾ ಓಡತೊಡಗಿತು. ‘ತನ್’ ಅಂದರೆ ಸ್ವಂತದ್ದು. ನಡೆ ಅಂದರೆ ನಡೆ. ತನ್ನಡೆಗಾ. ತನ್ನದೇ ನಡೆ ಉಳ್ಳವರು. ಅದರಲ್ಲಿ ‘ಅಯ್ಯೋ’ ಇರಲಿಲ್ಲ, ‘ಭೇಷ್’ ಕೂಡ ಇರಲಿಲ್ಲ. ಬಯ್ಯುವ ಪದಕ್ಕಿಂತ ಹೊಗಳುವ ಪದ ನನಗೆ ಹೆಚ್ಚು ಮುಳ್ಳು. ‘ದೇವರ ಮಕ್ಕಳು’ ಎನ್ನುತ್ತಾರಲ್ಲ, ಹಾಗೆಂದವರು ಯಾರೂ ತಮ್ಮ ಮನೆಗೆ ಸೊಸೆ ಮಾಡಿಕೊಳ್ಳಲು ದೇವರ ಮಗಳನ್ನು ಹುಡುಕಿ ಬಂದದ್ದನ್ನು ನಾನು ನೋಡಿಲ್ಲ.

ಸರ್ಕಾರದ ಪದಗಳ ಕತೆ ಇನ್ನೊಂದು. ಮೊದಲು ‘ಅಂಗವಿಕಲ’ ಎನ್ನುತ್ತಿದ್ದರು. ಅಂಗದಲ್ಲಿ ಊನ, ಸರಿ, ಕಣ್ಣಿಗೆ ಕಾಣುವಂಥದ್ದು. ಆಮೇಲೆ ಯಾರಿಗೋ ನಮ್ಮ ಮೇಲೆ ಗೌರವ ಉಕ್ಕಿ, ಕಾಗದಪತ್ರಗಳಲ್ಲೆಲ್ಲ ‘ವಿಕಲಚೇತನ’ ಎಂದು ಬಂತು. ಕೇಳಲು ಇಂಪು. ಬಿಡಿಸಿ ನೋಡಿ: ಊನ ಕಾಲಿನಿಂದ ಎದ್ದು ಚೇತನಕ್ಕೇ ಹೋಗಿ ಕೂತಿದೆ! ನನ್ನ ಕಾಲು ತೆಳ್ಳಗಿದೆ ಸ್ವಾಮಿ, ಚೇತನಕ್ಕೇನಾಗಿದೆ? ಅದನ್ನು ಯಾವ ಡಾಕ್ಟರು ಅಳೆದು ನೋಡಿದರು? ಬಸ್ ಪಾಸಿನ ಮೇಲೆ ಆ ಪದವನ್ನು ಓದಿದಾಗಲೆಲ್ಲ ನನ್ನ ಚೇತನ ಕಂಡಕ್ಟರನ ಮೇಲೆ ಹರಿಹಾಯಲು ನೋಡುತ್ತದೆ. ಪಾಪ, ಅವನದೇನು ತಪ್ಪು.

ಬಸ್ಸಿಳಿದು ನೇರ ಮೇಷ್ಟ್ರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಸೇಂಗಾ ಸುಲಿಯುತ್ತಿದ್ದರು. ಎರಡು ವಾರದ ಹಿಂದಿನದನ್ನು ಇಬ್ಬರೂ ಎತ್ತಲಿಲ್ಲ. ನಾನು ಪದ ಹೇಳಿದೆ. ಮೇಷ್ಟ್ರು ಬಾಯಲ್ಲಿ ಅದನ್ನು ಎರಡು ಸಲ ಆಡಿಸಿದರು.

“ನಿಯಮಕ್ಕೇನೋ ಕುಂದ್ರತೈತಿ. ಆದ್ರ ಗೌರವ್ವಾ, ಎಲ್ಲಾರ ನಡಿಗಿನೂ ಅವರವರದ ಅಲ್ಲೇನು? ನಾ ಬಾಗಿ ನಡೀತೀನಿ. ನಾನೂ ತನ್ನಡೆಗಾ ಆಗಲಿಲ್ಲೇನು?”

“ಆಗ್ರಿ ಸರ್. ಯಾರು ಬ್ಯಾಡಂದ್ರು?”

“ಎಲ್ಲಾರಿಗೂ ಹತ್ತೋ ಪದ ಗುರುತಿಗೆ ಬರಲ್ಲವ್ವಾ. ನಾಳೆ ಬಸ್ ಪಾಸ್ ಯಾರಿಗೆ ಕೊಡಬೇಕು? ಊರಿಗೂರೇ ಬಂದು ನಿಲ್ಲತೈತಿ.”

ಉತ್ತರವಿಲ್ಲದಾಗ ದನಿ ಎತ್ತರಿಸುವುದು ಗಿರಣಿಯ ಪಕ್ಕ ಕೂತವರ ಅಭ್ಯಾಸ. ಎತ್ತರಿಸಿದೆ. ಕಡೆಗೆ ಅವರು, “ಆತು ಬಿಡವ್ವಾ, ಹಾಕೋಣು,” ಎಂದು ಒಳಗಿಂದ ಪೆನ್ನು, ನೋಟುಬುಕ್ಕು ತಂದು, ‘ನಾಕಾಲ್ಗಾ’ ಹೊಡೆದುಹಾಕಿ ‘ತನ್ನಡೆಗಾ’ ಬರೆದರು. ಕುರುಡರಿಗೆ ‘ತನ್ನೋಟ್ಗಾ’, ತನ್ನದೇ ನೋಟ ಉಳ್ಳವರು. ವಿಧವೆಗೂ ಬಂಜೆಗೂ ಪದವೇ ಬೇಡವೆಂದು ಅವರೇ ಅಡ್ಡಗೀಟು ಹಾಕಿದರು. ನಾನು ಲೋಕ ತಿದ್ದಿದವಳ ಗತ್ತಿನಲ್ಲಿ ಒಂದು ಹಿಡಿ ಸೇಂಗಾ ತಿಂದು ಮನೆಗೆ ಬಂದೆ.

ಆ ಗತ್ತು ಒಂದು ತಿಂಗಳೂ ಬಾಳಲಿಲ್ಲ. ಉಜ್ಜಿನಿಯ ಹತ್ತಿರದ ಹಳ್ಳಿಯಿಂದ ಕುರಿ ಸಾಕುವವರ ಮನೆಯ ಹೆಂಗಸೊಬ್ಬಳು ಮಗಳನ್ನು ಕರೆದುಕೊಂಡು ಬಂದಳು. ಹುಲಿಗೆವ್ವ, ಹತ್ತೊಂಬತ್ತು ವರ್ಷ. ದೂರದೂರಿನ ಅಂಧರ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು.

“ಟೈಪಿಂಗ್ ಕಲೀತಾಳಂತ್ರಿ ಅಕ್ಕಾರ,” ಎಂದಳು ತಾಯಿ.

ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದೆಂದು ಹೇಳಲು ಇವತ್ತಿಗೂ ನಾಚಿಕೆ. ಅದನ್ನೂ ಹುಡುಗಿಗೆ ಹೇಳಲಿಲ್ಲ, ಅವಳ ತಲೆಯ ಮೇಲಿಂದ ತಾಯಿಗೆ ಹೇಳಿದೆ: “ಕಣ್ಣಿಲ್ಲದಾಕಿಗೆ ಟೈಪಿಂಗ್ ಹೆಂಗ ಬರತೈತಿ ತಾಯಿ?”

ಹಾಗೆನ್ನುವಾಗ ನನ್ನ ಬೆನ್ನ ಹಿಂದೆ ಏನಿತ್ತು ಗೊತ್ತೆ? ಏಳು ಮಷೀನು, ಆರರ ಮೇಲೆ ರಟ್ಟಿನ ಮುಚ್ಚಳ. ಹುಡುಗಿಯರು ಕೀಲಿ ನೋಡಿ ಹೊಡೆಯಬಾರದೆಂದು ನಾನೇ ಸೋಪಿನ ಡಬ್ಬಿ ಕತ್ತರಿಸಿ ಮಾಡಿ ಹಾಕಿದ್ದು. ‘ಕೆಳಗೆ ನೋಡಬ್ಯಾಡ್ರೇ, ಬೆರಳಿಗೆ ಕಣ್ಣು ಬರ್ಲಿ’ ಎಂದು ದಿನಾ ಒದರುತ್ತಿದ್ದವಳು ನಾನೇ. ನೋಡದೆ ಹೊಡೆಯಲೆಂದು ಇದ್ದ ವಿದ್ಯೆಯನ್ನು, ನೋಡಲಾರಳು ಎಂಬ ಕಾರಣಕ್ಕೆ ಒಬ್ಬಳಿಗೆ ಇಲ್ಲವೆನ್ನುತ್ತಿದ್ದೆ. ‘ನಡೆದು ತೋರಿಸು’ ಎಂದ ಆ ಮಹಾನುಭಾವರಿಗೂ ನನಗೂ ನಡುವೆ ಒಂದು ಮೇಜಿನ ವ್ಯತ್ಯಾಸವೂ ಇರಲಿಲ್ಲ.

ಹುಲಿಗೆವ್ವ ಸಿಟ್ಟಾಗಲಿಲ್ಲ. “ಒಂದ್ ಸಲ ಮಷೀನ್ ಮುಟ್ಟಿ ನೋಡ್ಲೇನ್ರಿ ಟೀಚರ್?” ಎಂದಳು. ಮುಟ್ಟಿದಳು. ಉರುಳೆ, ಗಂಟೆ, ಕೀಲಿಯ ಸಾಲು, ಎಲ್ಲವನ್ನೂ ಬೆರಳ ತುದಿಯಿಂದ ಒಂದೊಂದಾಗಿ ಎಣಿಸಿದಳು. ಆರು ವಾರದಲ್ಲಿ ಅವಳ ಕೈ ಓಡತೊಡಗಿತು. ಮೂರು ತಿಂಗಳಿಗೆ, ಕೂತಲ್ಲಿಂದಲೇ, “ಟೀಚರ್, ಆ ಕಡೇ ಮಷೀನಿನಾಗ ಯಾರೋ ಎರಡು ಕೀಲಿ ಕೂಡಿಸಿ ಒತ್ಯಾರ ನೋಡ್ರಿ,” ಎನ್ನುವಷ್ಟಾದಳು. ಗಿರಣಿ ಓಡುವಾಗಲೂ ಅವಳಿಗದು ಕೇಳುತ್ತಿತ್ತು.

ಒಂದು ದಿನ ಅವಳು ಕ್ಲಾಸಿಗೆ ಬರಲಿಲ್ಲ. ಮರುದಿನ ಬಂದವಳ ಮುಖ ಕೆಂಪಾಗಿತ್ತು. ಹಿಂದಿನ ದಿನ ಊರಿಂದ ಬಂದಿಳಿದು ನಮ್ಮಲ್ಲಿಗೆ ಹೊರಡಲೆಂದು ಬಸ್‌ಸ್ಟ್ಯಾಂಡಿನಲ್ಲಿ ತನ್ನ ಮಡಚುವ ಕೋಲು ಬಿಚ್ಚುತ್ತಿದ್ದಳಂತೆ. ಯಾವನೋ ಪುಣ್ಯಾತ್ಮ ಬಂದು, ಕೈ ಹಿಡಿದು, ದರದರನೆ ಎಳೆದೊಯ್ದು, ಹೊರಟಿದ್ದ ಒಂದು ಬಸ್ಸಿಗೆ ಹತ್ತಿಸಿ, ‘ಪಾಪ, ಈಕಿಗೊಂದು ಸೀಟು ಕೊಡ್ರಿ’ ಎಂದು ಹೇಳಿ ಇಳಿದುಹೋಗಿದ್ದ. ಬ್ಯಾಡ್ರಿ ಎಂದು ಇವಳು ಕೂಗಿದ್ದು ಅವನ ಪುಣ್ಯದ ಭರಾಟೆಯಲ್ಲಿ ಕೇಳಿಸಲಿಲ್ಲ. ಬಸ್ಸು ಕೂಡ್ಲಿಗಿಯದು.

“ಕೂಡ್ಲಿಗಿ ನೋಡಿ ಬಂದ್ನಿ ಟೀಚರ್,” ಎಂದಳು ಹಲ್ಲು ಕಚ್ಚಿ.

ಅವತ್ತು ಮೇಷ್ಟ್ರೂ ಅಲ್ಲೇ ಇದ್ದರು. ಅವಳನ್ನು ಸಮಾಧಾನ ಮಾಡಲೆಂದು ನಾನು ನಮ್ಮ ನಿಘಂಟಿನ ವಿಷಯ ತೆಗೆದು, ‘ತನ್ನೋಟ್ಗಾ’ ಪದವನ್ನು ಬಹುಮಾನ ಕೊಡುವವಳಂತೆ ಹೇಳಿದೆ. ಅವಳು ಕೋಲನ್ನು ಮಡಚಿ ಪಕ್ಕಕ್ಕಿಟ್ಟಳು.

“ನಂಗ ನೋಟನ ಇಲ್ಲಲ್ರಿ ಟೀಚರ್. ಇಲ್ಲದ್ದು ಇಲ್ಲ. ಕುರುಡಿ ಅಂದ್ರ ನಂಗೇನು ಸಿಟ್ಟಿಲ್ಲ. ನೀವು ನಮಗ ಪದ ಮಾಡೀರಿ. ಹಂಗ ಕೈ ಹಿಡುದು ಎಳಕೊಂಡು ಹೋಗ್ತಾರಲ್ಲ, ಅವರಿಗೇನಂತೀರಿ? ಅವರಿಗೊಂದು ಪದ ಮಾಡ್ರಿ.”

ನಾನೂ ಮೇಷ್ಟ್ರೂ ಮುಖ ನೋಡಿಕೊಂಡೆವು. ಇಷ್ಟು ದಿನ ನಮ್ಮಂಥವರನ್ನು ಏನೆಂದು ಕರೆಯಬೇಕೆಂದು ಇಬ್ಬರೂ ತಲೆ ಕೆಡಿಸಿಕೊಂಡಿದ್ದೆವು. ನಮ್ಮನ್ನು ಎಳೆಯುವವರಿಗೆ, ನಡೆಸಿ ನೋಡುವವರಿಗೆ, ತಲೆಯ ಮೇಲಿಂದ ಮಾತಾಡುವವರಿಗೆ, ‘ಹುಟ್ಟಿದಾಗಿಂದ ಹಿಂಗನಾ?’ ಎಂದು ಬಸ್ಸಿನಲ್ಲಿ ವಿಚಾರಣೆ ಮಾಡುವವರಿಗೆ, ಕನ್ನಡದಲ್ಲಿ ಹೆಸರಿಲ್ಲ. ಹೆಸರಿಲ್ಲದ್ದರಿಂದಲೇ ಅವರು ಬರೀ ‘ಜನ’. ಸಾಮಾನ್ಯರು, ಸರಿಯಾದವರು.

ಮೇಷ್ಟ್ರು ಯೋಚಿಸಿ ಹೇಳಿದರು: “ನಾಕೇಳ್ಗಾ.”

“ಅಂದ್ರ?”

“ಕೇಳದೋರು. ಬೇಕೋ ಬ್ಯಾಡೋ ಅಂತ ಮೊದಲು ಕೇಳಂಗಿಲ್ಲ. ಬ್ಯಾಡ ಅಂದ್ರೂ ಕಿವಿಗೊಟ್ಟು ಕೇಳಂಗಿಲ್ಲ. ಒಂದ ಪದದಾಗ ಎರಡೂ ಬಂತು ನೋಡು.”

ಹುಲಿಗೆವ್ವ ಬಿದ್ದು ಬಿದ್ದು ನಕ್ಕಳು. ಎಲಮಾ ಭಾಷೆಯಲ್ಲಿ ಮೇಷ್ಟ್ರಲ್ಲದೆ ಬೇರೆಯವರ ಬಾಯಲ್ಲಿ ನಿಂತ ಮೊದಲ ಪದ ಅದು. ನಮ್ಮ ಇನ್ಸ್ಟಿಟ್ಯೂಟಿನ ಹುಡುಗಿಯರೆಲ್ಲ ಕಲಿತರು. ಬೀದಿಯಲ್ಲಿ ಯಾರಾದರೂ ಅತಿ ಮಾಡಿದರೆ, ‘ನಾಕೇಳ್ಗಾ ಬಂದ’ ಎಂದು ಪಿಸುಗುಟ್ಟುತ್ತಿದ್ದರು. ನಾನೂ ಅಂದಿದ್ದೇನೆ. ಒಂದೆರಡು ಸಲ ಅನ್ನಿಸಿಕೊಂಡೂ ಇದ್ದೇನೆ.

ಹುಲಿಗೆವ್ವ ಪರೀಕ್ಷೆಗೆ ಕೂರುವ ಹೊತ್ತು ಬಂತು. ಅಚ್ಚಾದ ಹಾಳೆ ನೋಡಿಕೊಂಡು ಹೊಡೆಯುವ ಪರೀಕ್ಷೆ. ಅವಳಿಗೆ ಓದಿ ಹೇಳುವವರು ಬೇಕು. ಅರ್ಜಿಯಲ್ಲಿ ನ್ಯೂನತೆಯ ವಿವರ ಎಂಬ ಜಾಗದಲ್ಲಿ ನಾನು, ‘ಕೇಳಿಸಿಕೊಂಡು ಟೈಪ್ ಮಾಡುವವರು’ ಎಂದು ಬರೆದಿದ್ದೆ. ಪರೀಕ್ಷಾ ಕೇಂದ್ರದ ಅಧಿಕಾರಿ ಅದನ್ನು ಓದಿ ನನ್ನತ್ತ ತಳ್ಳಿದರು.

“ಇಂಥ ವಿಧ ನಮ್ಮ ಪಟ್ಟಿಯಲ್ಲಿ ಇಲ್ಲ. ಅಂಧ ಅಂತ ಬರೆದರೆ ಓದುವವರನ್ನ ಕೊಡಬಹುದು. ಇಲ್ಲಾಂದ್ರೆ ಇಲ್ಲ. ಅಲ್ಲಮ್ಮ, ಈಕೆಗೆ ಮಷೀನು ಎಲ್ಲಿದೆ ಅಂತನಾದ್ರೂ ತಿಳಿಯುತ್ತಾ?”

“ನನ್ನ ಕೇಳ್ರಿ ಸರ್. ನಾನಿಲ್ಲೇ ಅದೀನಿ,” ಎಂದಳು ಹುಲಿಗೆವ್ವ.

ಅವರು ಆಗಲೂ ನನ್ನ ಮುಖವನ್ನೇ ನೋಡಿದರು. ಜಗಳಕ್ಕೆ ಮೈಯೆಲ್ಲ ಕುದಿಯಿತು. ಆದರೆ ಹುಲಿಗೆವ್ವ ನನ್ನ ಸೆರಗು ಜಗ್ಗಿ, “ಬರೀರಿ ಟೀಚರ್. ಬರದ್ರ ಪದ ಏನು ಕಚ್ಚತೈತೇನು? ಕುಂದ್ರಾಕ ಜಾಗ ಸಿಗಲಿ ಮೊದಲು,” ಎಂದಳು. ಬಸ್ ಪಾಸಿನ ಬಗ್ಗೆ ಮೇಷ್ಟ್ರು ಆಡಿದ್ದ ಮಾತು ಆಗ ನನಗೆ ಅರ್ಥವಾಯಿತು. ಹಕ್ಕು ಕೇಳಲು ಒಂದು ಬಾಗಿಲಿದೆ, ಆ ಬಾಗಿಲ ಮೇಲೆ ಅವರು ಬರೆದಿಟ್ಟ ಪದವನ್ನು ಹೇಳದೆ ಅದು ತೆರೆಯುವುದಿಲ್ಲ. ಹೇಳಿ ಒಳಗೆ ಹೋಗಬೇಕು, ಒಳಗೆ ಹೋದ ಮೇಲೆ ಪದವನ್ನು ನಂಬಬಾರದು. ದೊಡ್ಡ ಅಕ್ಷರದಲ್ಲಿ, ಹಾಳೆ ತೂತಾಗುವಂತೆ ಒತ್ತಿ, ‘ಅಂಧ’ ಎಂದು ಬರೆದೆ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆಸೆಯೂ ಇಲ್ಲ.

ಓದುವವರಿಗೆ ಟೈಪಿಂಗ್ ಬರಬಾರದು ಎಂದು ಷರತ್ತು ಹಾಕಿದರು. ಹಾಗಾಗಿ ನಾನು ಹೊರಗೆ, ಮರುಳಸಿದ್ದಪ್ಪ ಮೇಷ್ಟ್ರು ಒಳಗೆ. ಅವಳು ಆ ಪರೀಕ್ಷೆಯಲ್ಲಿ ಪಾಸಾದಳು, ಮುಂದೆ ನನ್ನ ಮಷೀನುಗಳ ಮೇಲೆ ಅವಳೇ ಹುಡುಗಿಯರಿಗೆ ಕಲಿಸಿದಳು. ಎಲಮಾ ನಿಘಂಟು ಅಚ್ಚಾಗದೆ ನನ್ನ ಟ್ರಂಕಿನಲ್ಲಿ ಉಳಿಯಿತು. ಅವೆಲ್ಲ ಆಮೇಲಿನವು. ನಾನು ನೆನೆಸಿಕೊಂಡು ಒಬ್ಬಳೇ ನಗುವುದು, ಅವತ್ತು ಕಿಟಕಿಯ ಸರಳು ಹಿಡಿದು ನೋಡಿದ ಆ ಹತ್ತು ನಿಮಿಷವನ್ನು.

ಗಂಟೆ ಹೊಡೆಯಿತು. ಇಪ್ಪತ್ತು ಮಷೀನು ಒಟ್ಟಿಗೆ ಸದ್ದೆಬ್ಬಿಸಿದವು. ಮೇಷ್ಟ್ರು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ನಲವತ್ತು ವರ್ಷ ಪಾಠ ಹೇಳಿದ ಗತ್ತಿನಲ್ಲಿ, ಒಂದೊಂದು ಪದಕ್ಕೂ ಸಲ್ಲಬೇಕಾದ ಮರ್ಯಾದೆ ಸಲ್ಲಿಸುತ್ತಾ, ಅಲ್ಪಪ್ರಾಣ ಮಹಾಪ್ರಾಣ ಕೆಡದಂತೆ ನಿಧಾನಕ್ಕೆ ಓದತೊಡಗಿದರು. ಪಾಪ, ಕಣ್ಣಿಲ್ಲದ ಕೂಸು, ತನ್ನ ಓದಿನಿಂದ ಅದಕ್ಕೆ ತೊಂದರೆಯಾಗಬಾರದೆಂದು ಅವರ ಕಾಳಜಿ. ಮೂರು ಸಾಲು ಆಗಿರಬೇಕು. ಕೋಣೆಯ ಆ ಗದ್ದಲದಲ್ಲಿ ಒಂದೇ ಒಂದು ಮಷೀನು ಸುಮ್ಮನಿತ್ತು. ಓದಿದಷ್ಟನ್ನೂ ಆಗಲೇ ಹೊಡೆದು ಮುಗಿಸಿ, ಹತ್ತೂ ಬೆರಳು ಕೀಲಿಗಳ ಮೇಲೆ ಇಟ್ಟುಕೊಂಡು ಹುಲಿಗೆವ್ವ ಮುಖವನ್ನು ಮೇಷ್ಟ್ರ ದನಿಯ ಕಡೆ ತಿರುಗಿಸಿ ಹೇಳಿದಳು:

“ಸರ್, ಜರ ಲಗೂ ಓದ್ರಿ.”